ದೋನ್ಯಾ ಚೋಲೆಯ ಕಣ್ಣು, ಎವಾರಿಸ್ತೊನ ಪಂಪು

ಎವಾರಿಸ್ತೊನನ್ನು ಇಂಜಿನಿಯರ್ ಮಾಡಿದ್ದು ಯಾವ ಕಾಲೇಜೂ ಅಲ್ಲ, ಒಂದು ಟೋಪಿ.

ಬೀಜ ಮಾರುವವರು ತೋಲೂಕ ಪಟ್ಟಣದ ಹತ್ತಿರ ಹೊಲವೊಂದರಲ್ಲಿ ಶಾಮಿಯಾನ ಹಾಕಿಸಿ, ಹೊಸ ಹೈಬ್ರಿಡ್ ಮುಸುಕಿನ ಜೋಳ ತೋರಿಸಿ, ಬಂದವರಿಗೆಲ್ಲ ಹೊಟ್ಟೆ ತುಂಬ ಟಾಕೊ ತಿನ್ನಿಸಿ, ಹೋಗುವಾಗ ಒಂದೊಂದು ಹಸಿರು ಟೋಪಿ ಕೊಟ್ಟು ಕಳಿಸಿದ್ದರು. ಟೋಪಿಯ ಮುಂದೆ ಹಳದಿ ದಾರದಲ್ಲಿ ಕಸೂತಿ ಮಾಡಿದ ಜೋಳದ ತೆನೆ, ಕೃಷಿ ಇಂಜಿನಿಯರುಗಳು ಹಾಕಿಕೊಂಡು ತಿರುಗುವಂಥದೇ. ಮಾರನೆಯ ದಿನ ಅದನ್ನು ಹಾಕಿಕೊಂಡು ಗೊಬ್ಬರದಂಗಡಿಗೆ ಹೋದಾಗ, ಅಲ್ಲಿ ಹೊಸದಾಗಿ ಸೇರಿದ್ದ ಹುಡುಗಿ ಮುಖ ನೋಡದೆ ಟೋಪಿ ನೋಡಿ, "ಏನು ಬೇಕಿತ್ತು, ಇಂಜಿನಿಯರ್ರೇ?" ಎಂದಳು.

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ಎವಾರಿಸ್ತೊ ನಗಲಿಲ್ಲ. ಆರನೇ ತರಗತಿಗೆ ಶಾಲೆ ಬಿಟ್ಟವನಿಗೆ ಈಗ ನಲವತ್ತಾರು ವರ್ಷ. ಇಷ್ಟು ವರ್ಷದಲ್ಲಿ ಅವನ ಹೆಸರಿನ ಹಿಂದೆ ಮುಂದೆ ಯಾರೂ ಏನೂ ಸೇರಿಸಿದವರಲ್ಲ. ಅವನು ಗಂಟಲು ಸರಿಮಾಡಿಕೊಂಡು, ಕಳೆ ಔಷಧಿ ಕೊಡಿ ಎಂದು, ಇಂಜಿನಿಯರ್ ಕೇಳುವ ಧಾಟಿಯಲ್ಲಿಯೇ ಕೇಳಿದ.

ಸಾನ್ ಪ್ರೊಕೊಪಿಯೊ ಊರಿನಲ್ಲಿ ತಮಾಷೆಗೆ ಹುಟ್ಟಿದ ಹೆಸರು ವಾರದೊಳಗೆ ಗಟ್ಟಿಯಾಗುತ್ತದೆ. "ಇಂಜಿನಿಯರ್ರೇ, ನಮ್ಮ ಹಸು ಯಾಕೋ ಮೇವು ಮುಟ್ತಿಲ್ಲ." "ಇಂಜಿನಿಯರ್ರೇ, ಈ ಮೋಡ ಮಳೆ ತರುತ್ತೋ, ಆಲಿಕಲ್ಲೋ?" ಕೇಳುವವರು ನಗು ತಡೆದುಕೊಂಡು ಕೇಳುತ್ತಿದ್ದರು, ಎವಾರಿಸ್ತೊ ಗಂಭೀರವಾಗಿ ಉತ್ತರ ಕೊಡುತ್ತಿದ್ದ. ಟೋಪಿ ಮಾತ್ರ ಅವನ ತಲೆಗೆ ಸ್ವಲ್ಪ ದೊಡ್ಡದು. ಔಷಧಿ ಬಾಟಲಿಯ ಜೊತೆ ಬಂದ ಉದ್ದನೆಯ ಕಾಗದವನ್ನು ಮಡಿಸಿ ಟೋಪಿಯ ಒಳಪಟ್ಟಿಗೆ ತುರುಕಿದ ಮೇಲೆ ಸರಿಯಾಗಿ ಕೂತಿತು.

ಜೂನ್ ತಿಂಗಳ ಮೊದಲ ಸೋಮವಾರ ಅವನು ಪಂಪು ಬೆನ್ನಿಗೇರಿಸಿ ತನ್ನ ಹೈಬ್ರಿಡ್ ಜೋಳಕ್ಕೆ ಔಷಧಿ ಹೊಡೆದ. ಹೊಡೆದು ಮುಗಿದ ಮೇಲೂ ಬಕೆಟ್ಟಿನಲ್ಲಿ ಬೆರೆಸಿಟ್ಟ ಔಷಧಿ ಉಳಿದಿತ್ತು. ಕತ್ತಾಳೆ ಸಾಲಿನ ಆಚೆ ಅತ್ತೆ ಎರ್ಮಿನಿಯಾಳ ಹೊಲ. ಅಲ್ಲಿದ್ದದ್ದು ಹೈಬ್ರಿಡ್ ಅಲ್ಲ. ಅತ್ತೆಯ ಅಜ್ಜಿಯ ಕಾಲದಿಂದ ಮನೆಯಲ್ಲೇ ಬೀಜ ಉಳಿಸಿಕೊಂಡು ಬಂದ ಕಕವಾಸಿಂತ್ಲೆ, ಬೆಂದರೆ ಮಲ್ಲಿಗೆಯಂತೆ ಅರಳುವ ದಪ್ಪ ಬಿಳಿ ಕಾಳಿನ ಜೋಳ. ಆ ಊರಿನ ಮದುವೆಗೂ ತಿಥಿಗೂ ಬೇಯುವ ಪೊಸೋಲೆ ಸಾರಿಗೆ ಅವಳ ಹೊಲದ ಕಾಳೇ ಆಗಬೇಕು. ಅತ್ತೆ ತನ್ನ ಕಿರಿಯ ಮಗಳ ಬಾಣಂತನಕ್ಕೆಂದು ನಾಲ್ಕು ದಿನ ತೆನಾಂಗೊಗೆ ಹೋಗಿದ್ದಳು. ಹೊಲದ ತುಂಬ ಕಳೆ. ಅತ್ತೆಗೆ ಅದು ಕಳೆಯಲ್ಲ, ಬೆರಕೆ ಸೊಪ್ಪು. ಅದನ್ನು ಕಳೆ ಎಂದವರ ತಟ್ಟೆಗೆ ಅದನ್ನೇ ಬೇಯಿಸಿ ಬಡಿಸುತ್ತಿದ್ದಳು. ಆದರೆ ಇಂಜಿನಿಯರ್ ಕಣ್ಣಿಗೆ ಅದು ಕಳೆಯಾಗಿಯೇ ಕಂಡಿತು.

'ಪಾಪ, ಅರವತ್ತೆಂಟು ವರ್ಷ, ಬಗ್ಗಿ ಬಗ್ಗಿ ಕಳೆ ಕೀಳಬೇಕು. ಬರುವಷ್ಟರಲ್ಲಿ ಸ್ವಚ್ಛವಾಗಿರಲಿ' ಎಂದುಕೊಂಡು, ಉಳಿದ ಔಷಧಿಯನ್ನು ಅತ್ತೆಯ ಅರವತ್ತೆರಡು ಸಾಲಿಗೂ ಹೊಡೆದು ಬಂದ. ಯಾರಿಗೂ ಹೇಳಲಿಲ್ಲ. ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಹೇಳಿದರೆ ಹೊಗಳಿಕೆ ಜಾಸ್ತಿ.

ಭಾನುವಾರ ಬಂತು. ಹೆಂಡತಿ ಒಬ್ದುಲಿಯಾ, ಅವಳ ಅಣ್ಣ ತಮ್ಮಂದಿರು, ಅವರ ಹೆಂಡಿರು, ಒಟ್ಟು ಹನ್ನೊಂದು ಜನ ಮೇಜಿನ ಸುತ್ತ. ಅತ್ತೆ ಊಟಕ್ಕೆ ಮೊದಲು ಹೊಲ ನೋಡಿ ಬರುತ್ತೇನೆಂದು ಹೋಗಿದ್ದಳು. ಅವಳ ಹೆಜ್ಜೆ ಅಂಗಳದಲ್ಲಿ ಕೇಳಿದ್ದೇ ತಡ, ಎವಾರಿಸ್ತೊ ಲೋಟ ಎತ್ತಿ ಎದ್ದು ನಿಂತ.

"ಎಲ್ಲರೂ ಸ್ವಲ್ಪ ಕೇಳಿ. ನಮ್ಮ ಅತ್ತೆಗೆ ನಾನೊಂದು ವಿಷಯ ಹೇಳಬೇಕು."

ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡಳು. ಮುಖದಲ್ಲಿ ರಕ್ತವಿರಲಿಲ್ಲ.

"ನನ್ನ ಜೋಳ ಹಳದಿಯಾಗಿದೆ ಕಣ್ರೋ! ಸುಳಿ ಎಲ್ಲಾ ಮುರುಟಿದೆ. ಅರವತ್ತೆರಡು ಸಾಲೂ!"

ಹನ್ನೊಂದು ಕುರ್ಚಿಗಳು ಒಟ್ಟಿಗೆ ಹಿಂದೆ ಸರಿದವು. ಎವಾರಿಸ್ತೊ ಮಾತ್ರ ಲೋಟ ಹಿಡಿದು ನಿಂತೇ ಇದ್ದ.

"ನೀನೇನೋ ಹೇಳ್ತಿದ್ದೆಯಲ್ಲಪ್ಪ?" ಎಂದಳು ಅತ್ತೆ. ಅಂಥ ಹೊತ್ತಿನಲ್ಲೂ ಅಳಿಯನ ಮಾತಿಗೆ ಮರ್ಯಾದೆ ಕೊಡುವ ಹೆಂಗಸು.

"ನಾನು... ಮೀಸೆ ತೆಗೆಸಬೇಕು ಅಂತಿದೀನಿ, ಅತ್ತೆ."

ಹೇಳಿದ ಮಾತು ಹೇಳಿದಂತೆ. ಸೋಮವಾರ ಬೆಳಿಗ್ಗೆ ಇಪ್ಪತ್ತು ವರ್ಷದ ಮೀಸೆ ಹೋಯಿತು. ಅಡಗಿಕೊಳ್ಳಲು ಇದ್ದ ಒಂದೇ ಜಾಗವೂ ಅದರೊಡನೆ ಹೋಯಿತು.

ಅಷ್ಟರಲ್ಲಿ ಊರೆಲ್ಲ ಹೊಲದ ಬದುವಿನ ಮೇಲಿತ್ತು. ಗೊಬ್ಬರ ಕಡಿಮೆ ಎಂದ ಒಬ್ಬ. ನೀರು ನಿಂತಿದೆ ಎಂದ ಇನ್ನೊಬ್ಬ, ನಿಂತಿರಲಿಲ್ಲ. ಎವಾರಿಸ್ತೊ ಧೈರ್ಯ ಮಾಡಿ, "ಏನಾದ್ರೂ... ಔಷಧಿ ಗಿವುಷಧಿ ತಗಲಿರಬಹುದಾ?" ಎಂದ.

"ಯಾವ ಔಷಧಿ? ಔಷಧಿ ಹೊಡೆದಿದ್ದು ನಿನ್ನ ಹೊಲಕ್ಕೆ. ನಿನ್ನ ಜೋಳ ನೋಡು, ಹೆಂಗೆ ನಿಂತಿದೆ ಪೊಲೀಸಿನ ಥರ!" ಎಂದ ಭಾವಮೈದುನ.

ಎವಾರಿಸ್ತೊ ಕತ್ತಾಳೆಯಾಚೆ ನೋಡಿದ. ಹೌದಲ್ಲ! ಅದೇ ಬಾಟಲಿ, ಅದೇ ಬಕೆಟ್ಟು, ಅದೇ ದಿನ. ತನ್ನ ಜೋಳ ಕಡು ಹಸಿರು. ಅದೂ ಜೋಳ, ಇದೂ ಜೋಳ. ಔಷಧಿಯೇ ಕೊಂದಿದ್ದರೆ ಎರಡನ್ನೂ ಕೊಲ್ಲಬೇಕಿತ್ತು. ಅವನ ಎದೆಯಿಂದ ಒಂದು ಮೂಟೆ ಇಳಿದಂತಾಯಿತು. ಆ ಮೂಟೆ ಯಾರ ತಲೆಯ ಮೇಲೆ ಇಳಿಯಿತು ಎಂದು ಮರುಕ್ಷಣವೇ ತಿಳಿಯಿತು.

"ಗುರುವಾರ ದೋನ್ಯಾ ಚೋಲೆ ಈ ದಾರಿಯಲ್ಲಿ ಹೋದಳು," ಎಂದಳು ಪಕ್ಕದ ಮನೆಯವಳು, ಮೆಲ್ಲಗೆ. "ನಿಂತು ನೋಡಿದಳು. 'ಆಹಾ, ಎಂಥ ಜೋಳ ಬಂದಿದೆ ಎರ್ಮಿನಿಯಾದು!' ಅಂದಳು. ನಾನೇ ಕೇಳಿಸಿಕೊಂಡೆ."

"ಮುಟ್ಟಿದಳಾ?"

"ಮುಟ್ಟಲಿಲ್ಲ."

ಬದುವಿನ ಮೇಲಿದ್ದವರೆಲ್ಲ ಉಸಿರು ಎಳೆದುಕೊಂಡರು. ಮಗುವಾಗಲಿ ಕರುವಾಗಲಿ, ಹೊಗಳಿದ ಮೇಲೆ ಮುಟ್ಟಬೇಕು. ಮುಟ್ಟದೆ ಹೊಗಳಿದರೆ ಕಣ್ಣು ಅಲ್ಲೇ ಉಳಿದುಬಿಡುತ್ತದೆ. ಊರೆಲ್ಲ ದೋನ್ಯಾ, ಅಂದರೆ ಅಮ್ಮಾವರೇ, ಎಂದು ಕರೆಯುವ ಚೋಲೆಗೆ ಎಪ್ಪತ್ತೊಂದು ವರ್ಷ, ಜೇನಿನ ಬಣ್ಣದ ದೊಡ್ಡ ಕಣ್ಣು. ಶಾಲೆಯ ಮುಂದಿನ ಮೂಲೆಯಲ್ಲಿ ಹಬೆಯ ಪಾತ್ರೆ ಇಟ್ಟುಕೊಂಡು, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬು, ಅಂದರೆ ತಮಾಲೆ, ಮಾರುತ್ತಾಳೆ. ಆ ಕಡುಬು ತಿನ್ನದೆ ಬೆಳೆದವರು ಆ ಬದುವಿನ ಮೇಲೆ ಒಬ್ಬರೂ ಇರಲಿಲ್ಲ.

ಊರಿನ ದೆಲೆಗಾದೊ ದೋನ್ ತ್ರಾಂಕಿಲಿನೊನನ್ನು ಕರೆಸಿದರು. ನೀರು, ಬೀದಿನಾಯಿ, ಜಗಳ, ಮೂರಕ್ಕೂ ಅವನೇ ಅಧಿಕಾರಿ. ಅವನು ಬಗ್ಗಿ ಒಂದು ಎಲೆ ಮೂಸಿ ನೋಡಿ ತೀರ್ಪು ಕೊಟ್ಟ: "ಕಣ್ಣು ಹಾಕಿದವರೇ ಬಂದು ಮುಟ್ಟಬೇಕು. ಅದೇ ಪದ್ಧತಿ."

"ಯಾವ ಗಿಡವನ್ನ?"

ದೋನ್ ತ್ರಾಂಕಿಲಿನೊ ಹೊಲದ ಉದ್ದಗಲ ನೋಡಿದ. ಕಾನೂನಿನಲ್ಲಿ ರಿಯಾಯಿತಿ ಕೊಡುವ ಮನುಷ್ಯನಲ್ಲ. "ಎಲ್ಲಾನೂ."

ಬುಧವಾರ ಬೆಳಿಗ್ಗೆ ದೋನ್ಯಾ ಚೋಲೆ ಕೋಲೂರಿಕೊಂಡು ಬಂದಳು. ಎರಡೂ ಮಂಡಿಗೆ ಬಟ್ಟೆ ಸುತ್ತಿದ್ದಳು. ಬರುವುದಿಲ್ಲ ಎನ್ನಬಹುದಿತ್ತು, ಅಂದಿದ್ದರೆ ನಾಳೆಯಿಂದ ಯಾವ ಮಗುವೂ ಅವಳ ಪಾತ್ರೆಯ ಹತ್ತಿರ ಸುಳಿಯುತ್ತಿರಲಿಲ್ಲ. ಮುದುಕಿಯ ಹಿಂದೆ ನೀರಿನ ಬಕೆಟ್ಟು, ಮಣೆ ಹಿಡಿದು ಒಬ್ಬರು ನಡೆಯಬೇಕು ಎಂದಾಗ ಎವಾರಿಸ್ತೊ ಯಾರೂ ಕೇಳುವ ಮೊದಲೇ ಮುಂದೆ ಬಂದ. "ಎಂಥ ಒಳ್ಳೆ ಅಳಿಯ!" ಎಂದರು ಹೆಂಗಸರು.

"ಇದನ್ನ ಮುಟ್ಟಿದೆ," ಎನ್ನುತ್ತಿದ್ದಳು ಚೋಲೆ, ಬಗ್ಗಿ. "ಇದನ್ನೂ ಮುಟ್ಟಿದೆ. ಅಯ್ಯೋ, ಇದು ನನ್ನ ಕಂಡು ನಡುಗ್ತಿದೆ ಪಾಪ. ಹೆದರಬೇಡ ಮಗಾ, ನಾನು ಕಡುಬು ಮಾರೋ ಮುದುಕಿ ಅಷ್ಟೇ."

ಬದುವಿನ ಮೇಲಿದ್ದವರು ಸಾಲು ಎಣಿಸುತ್ತಿದ್ದರು. ಏಳನೇ ಸಾಲಿನಲ್ಲಿ ಅವಳು ಮಣೆಯ ಮೇಲೆ ಕೂತು ನೀರು ಕುಡಿದಳು. ಕುಡಿದು ಎವಾರಿಸ್ತೊನ ಬೋಳು ಮುಖವನ್ನೇ ನೋಡಿದಳು.

"ನಿನ್ನ ಹೊಲಾನೂ ನೋಡಿದ್ದೆ ಕಣಯ್ಯ ಇಂಜಿನಿಯರ್. ಅದನ್ನೂ ಹೊಗಳಿದ್ದೆ. ಅದಕ್ಕ್ಯಾಕೆ ಏನೂ ಆಗಲಿಲ್ಲ?"

"ಅದು... ಹೈಬ್ರಿಡ್ಡು, ದೋನ್ಯಾ."

"ಓ! ಹೈಬ್ರಿಡ್ಡಿಗೆ ಕಣ್ಣೂ ತಗಲಲ್ವಾ?"

ಎವಾರಿಸ್ತೊ ಬಕೆಟ್ಟಿನೊಳಗೆ ನೋಡಿದ. ಅಲ್ಲಿ ಮೀಸೆಯಿಲ್ಲದ ಒಂದು ಮುಖ ಇವನನ್ನೇ ನೋಡುತ್ತಿತ್ತು. ಬುಧವಾರ ಹೋಯಿತು, ಗುರುವಾರ ಹೋಯಿತು. ಶುಕ್ರವಾರ ಮಧ್ಯಾಹ್ನ ಅರವತ್ತೆರಡನೇ ಸಾಲು ಮುಗಿಯಿತು. ಮಂಡಿ ಬೂದುಗುಂಬಳದಷ್ಟು ಊದಿದ ದೋನ್ಯಾ ಚೋಲೆಯನ್ನು ಕೈಗಾಡಿಯಲ್ಲಿ ಕೂರಿಸಿ ಮನೆಗೆ ತಳ್ಳಿಕೊಂಡು ಹೋದವನೂ ಅವನೇ. ಜೋಳ ಇನ್ನೂ ಹಳದಿಯಾಯಿತು.

ಮುಟ್ಟಿದರೂ ವಾಸಿಯಾಗಲಿಲ್ಲ ಎಂದರೆ ಕಣ್ಣು ಇನ್ನೆಷ್ಟು ಭಾರ ಇರಬೇಕು! ಊರಿನ ತರ್ಕ ಹೀಗೆ ಹೋಯಿತು. ತಾಯಂದಿರು ಮಕ್ಕಳನ್ನು ಶಾಲೆಯ ಹಿಂಬಾಗಿಲಿನಿಂದ ಕರೆದುಕೊಂಡು ಹೋಗತೊಡಗಿದರು. ಇಗರ್ಜಿಯಲ್ಲಿ ಚೋಲೆ ಕೂರುವ ಬೆಂಚು ಖಾಲಿಯಾಯಿತು. ಬೆಳಗಿನ ಹಬೆಯ ಪಾತ್ರೆ ತುಂಬಿದ್ದು ತುಂಬಿದಂತೆಯೇ ಮನೆಗೆ ವಾಪಸ್.

ಪೂರ್ತಿ ತುಂಬಿದ್ದಲ್ಲ. ದಿನಾ ಒಬ್ಬ ಗಿರಾಕಿ ಬಂದು ಹದಿನೆಂಟು ಕಡುಬು ಕಟ್ಟಿಸಿಕೊಂಡು ಹೋಗುತ್ತಿದ್ದ. ಮನೆಗೆ ಒಯ್ದರೆ ಕಣ್ಣಿನವಳ ಕಡುಬೆಂದು ಎಸೆಯುತ್ತಾರೆ. ತಾನೇ ಎಸೆಯಲು ಮನಸ್ಸು ಬಾರದು. ಹಾಗಾಗಿ ಕೋಳಿಗೂಡಿನ ಹಿಂದೆ ಕೂತು ಹದಿನೆಂಟನ್ನೂ ತಾನೇ ತಿನ್ನುತ್ತಿದ್ದ. ಒಂಬತ್ತನೆಯದರ ಹೊತ್ತಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಖಾರಕ್ಕೋ ಬೇರೆಯದಕ್ಕೋ, ಕೋಳಿಗಳಿಗೆ ಗೊತ್ತಿರಬೇಕು.

ಐದನೇ ದಿನ ಒಬ್ದುಲಿಯಾ ಹಿಡಿದಳು.

"ಮೀಸೆ ತೆಗೆದಾಗ್ಲೇ ಅನ್ಕೊಂಡೆ. ಕದ್ದು ತಿನ್ನೋದು ಬೇರೆ. ಯಾರವಳು?"

"ಯಾರೂ ಇಲ್ಲ ಕಣೇ."

"ಯಾರೂ ಇಲ್ದೆ ಮನುಷ್ಯ ಹಿಂಗಾಗ್ತಾನಾ?"

ಬಾಯಲ್ಲಿ ಕಡುಬು ಇಟ್ಟುಕೊಂಡೇ ಅವನು ಎಲ್ಲ ಹೇಳಿದ. ಒಬ್ದುಲಿಯಾ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಬೇರೆ ಹೆಂಗಸು ಇಲ್ಲವೆಂದು ಖಾತ್ರಿಯಾದ ಮೇಲೆ ಅವಳ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆ ಅದು ಅವಳಮ್ಮನ ಹೊಲವೆಂದು ನೆನಪಾಗಿ ಗಂಟಿಕ್ಕಿತು.

"ಒಂದೇ ಪಂಪು, ಒಂದೇ ಔಷಧಿ. ನಮ್ಮದು ಬದುಕಿ ಅಮ್ಮಂದು ಯಾಕೆ ಸಾಯುತ್ತೆ?"

"ಅದೇ ಗೊತ್ತಾಗ್ತಿಲ್ಲ."

"ನಿಂಗೆ ಹೆಂಗೆ ಗೊತ್ತಾಗುತ್ತೆ? ಟೋಪಿ ಹಾಕಿರೋ ಇಂಜಿನಿಯರ್ ನೀನು. ಓದಿರೋ ಇಂಜಿನಿಯರ್‌ನ ಹೋಗಿ ಕೇಳು!"

ಓದಿದ ಇಂಜಿನಿಯರ್ ಪ್ರತಿ ಗುರುವಾರ ತಾಲ್ಲೂಕು ಕಚೇರಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದಳು. ಬ್ರಿಸೇದಾ ಎಂದು ಹೆಸರು, ಇಪ್ಪತ್ತೇಳು ವರ್ಷವಿರಬಹುದು. ಎವಾರಿಸ್ತೊ ಒಯ್ದ ಮುರುಟಿದ ಗಿಡವನ್ನು ಬಿಡಿಸಿ ನೋಡಿ, "ಕಳೆ ಔಷಧಿ. ಯಾವುದು?" ಎಂದಳು. ಹೆಸರು ಹೇಳಿದ. "ಹೈಬ್ರಿಡ್ಡಿಗೆ ಹೊಡೆಯೋದು. ಇದಕ್ಯಾಕೆ ಹೊಡೆದ್ರಿ?"

"ಜೋಳ ಅಂದ್ರೆ ಜೋಳವೇ ಅಲ್ವಾ ಅಮ್ಮ?"

"ನಿಮಗೆ ಹಾಲು ಕುಡಿದ್ರೆ ಆಗುತ್ತಾ?"

ಇದೆಂಥ ಪ್ರಶ್ನೆ ಎಂದು ಅವನು ತಬ್ಬಿಬ್ಬಾದ. "ಇಲ್ಲ. ಹೊಟ್ಟೆ ಗುಡುಗುಟ್ಟುತ್ತೆ."

"ನಿಮ್ಮ ಹೆಂಡತಿಗೆ?"

"ಎರಡು ಲೋಟ ಕುಡಿದು ಹಾಡು ಹೇಳ್ತಾಳೆ."

"ಹಾಲು ಒಂದೇ ಅಲ್ವಾ? ಇದೂ ಹಾಗೇ. ಔಷಧಿ ಕಳೆಗೂ ಒಳಗೆ ಹೋಗುತ್ತೆ, ಜೋಳಕ್ಕೂ ಒಳಗೆ ಹೋಗುತ್ತೆ. ಕಳೆ ಸಾಯುತ್ತೆ. ಹೈಬ್ರಿಡ್ ಅದನ್ನ ಮೈಯೊಳಗೇ ಮುರಿದು ಅರಗಿಸಿಬಿಡುತ್ತೆ, ವಿಷ ಕೆಲಸ ಶುರುಮಾಡೋಕೆ ಮುಂಚೆ. ಆ ಅರಗಿಸೋ ಶಕ್ತಿ ಅಪ್ಪ ಅಮ್ಮನಿಂದ ಬರಬೇಕು. ಕೆಲವು ತಳಿಗೆ ಅದು ಇಲ್ಲ, ಇದ್ರೂ ಸಾಲದು."

"ಇಷ್ಟು ವರ್ಷ ಚೆನ್ನಾಗೇ ಇತ್ತಲ್ಲಮ್ಮ ಈ ಜೋಳ!"

"ಇರದೆ ಏನು? ನಿಮ್ಮ ಅತ್ತೆಯ ಅಜ್ಜಿ ಬೀಜ ಆರಿಸುವಾಗ ಕಾಳಿನ ದಪ್ಪ ನೋಡಿದ್ರು, ರುಚಿ ನೋಡಿದ್ರು, ಚಳಿ ತಡೆಯುತ್ತಾ ನೋಡಿದ್ರು. ಕಳೆ ಕೈಯಲ್ಲಿ ಕೀಳ್ತಿದ್ರು. ವಿಷ ಅರಗಿಸುತ್ತಾ ಅಂತ ಅವರು ಯಾಕೆ ನೋಡ್ತಾರೆ? ಯಾರೂ ವಿಷ ಹಾಕಿರಲಿಲ್ಲ, ನೀವು ಬರೋವರೆಗೆ. ಹೈಬ್ರಿಡ್ ಮಾಡೋರು ಮೊದಲೇ ಔಷಧಿ ಹೊಡೆದು, ಸತ್ತಿದ್ದನ್ನ ಬಿಟ್ಟು ಬದುಕಿದ್ದನ್ನ ಆರಿಸ್ತಾರೆ. ಬಾಟಲಿ ಜೊತೆ ಒಂದು ಕಾಗದ ಕೊಟ್ಟಿರ್ತಾರಲ್ಲ, ಓದಲಿಲ್ವಾ?"

ಎವಾರಿಸ್ತೊ ನಿಧಾನವಾಗಿ ಟೋಪಿ ತೆಗೆದ. ಒಳಪಟ್ಟಿಯಿಂದ ಬೆವರು ಹೀರಿದ ಕಾಗದವನ್ನು ಎಳೆದು, ಬಿಡಿಸಿ, ಮೇಜಿನ ಮೇಲಿಟ್ಟ. ಅವಳು ಬೆರಳಿಟ್ಟು ಓದಿದಳು: "'ನಾಟಿ ತಳಿಗಳಿಗೆ ಬಳಸುವ ಮೊದಲು ನಾಲ್ಕು ಗಿಡಗಳ ಮೇಲೆ ಹೊಡೆದು, ಹತ್ತು ದಿನ ಕಾದು ನೋಡಿ.'" ಆಮೇಲೆ ಅವನ ತಲೆ ನೋಡಿದಳು, ಟೋಪಿ ನೋಡಿದಳು. ಕಾಗದವನ್ನು ಮತ್ತೆ ಮಡಿಸಿ ಅವನ ಕೈಗಿಟ್ಟಳು.

ಆ ಭಾನುವಾರ ಪೂಜೆ ಮುಗಿದು ಜನ ಇಗರ್ಜಿಯ ಅಂಗಳದಲ್ಲಿ ನಿಂತಿದ್ದಾಗ ಎವಾರಿಸ್ತೊ ಮೆಟ್ಟಿಲ ಮೇಲೆ ನಿಂತು ಕೂಗಿದ: "ದೋನ್ಯಾ ಚೋಲೆದು ಏನೂ ತಪ್ಪಿಲ್ಲ! ಅತ್ತೆ ಜೋಳ ಸಾಯಿಸಿದ್ದು ನಾನು! ನನ್ನ ಪಂಪು!"

ಇಡೀ ಅಂಗಳ ನಕ್ಕಿತು.

"ನಿನ್ನ ಜೋಳ ಯಾಕೆ ಸಾಯಲಿಲ್ಲಪ್ಪ ಹಾಗಾದ್ರೆ?"

"ಅದು ಅರಗಿಸಿಕೊಳ್ಳುತ್ತೆ. ಇದಕ್ಕೆ ಅರಗಲ್ಲ. ಹಾಲಿನ ಥರ!"

"ಜೋಳ ಹಾಲು ಕುಡಿಯುತ್ತಂತೆ ಕಣ್ರೋ!"

ದೋನ್ ತ್ರಾಂಕಿಲಿನೊ ಅವನ ಹೆಗಲ ಮೇಲೆ ಕೈಯಿಟ್ಟ. "ಮುದುಕಿ ಮೇಲೆ ಕರುಣೆ ಇರಬೇಕು, ಒಪ್ತೀನಿ. ಆದ್ರೆ ಸುಳ್ಳು ಹೇಳಬಾರದು." ಅತ್ತೆ ಸೆರಗಿನಂತೆ ಹೊದ್ದ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, "ಬೇರೆಯವರ ತಪ್ಪು ಮೈಮೇಲೆ ಹಾಕ್ಕೊಳ್ತಾನೆ. ಇಂಥ ಅಳಿಯ ಯಾರಿಗೆ ಸಿಗ್ತಾನೆ ಹೇಳಿ!" ಎಂದಳು. ಮಧ್ಯಾಹ್ನ ಅವನ ತಟ್ಟೆಗೆ ಕೋಳಿಯ ಎರಡೂ ತೊಡೆ ಬಿತ್ತು. ಅವನು ಎರಡನ್ನೂ ನುಂಗಲಾರದೆ ನುಂಗಿದ.

ಕೊನೆಗೆ ಒಬ್ದುಲಿಯಾಳೇ ಎಂಟು ಖಾಲಿ ಡಬ್ಬ ತಂದು ಮುಂದಿಟ್ಟಳು. "ಬಾಯಲ್ಲಿ ಹೇಳಿದ್ರೆ ನಂಬಲ್ಲ. ಮಾಡಿ ತೋರಿಸು." ನಾಲ್ಕರಲ್ಲಿ ಹೈಬ್ರಿಡ್, ನಾಲ್ಕರಲ್ಲಿ ಅತ್ತೆಯ ಬೀಜ ಬಿತ್ತಿದರು. ನಾಲ್ಕೆಲೆ ಬಂದ ಮೇಲೆ ದೆಲೆಗಾದೊನ ಕಿಟಕಿಯಲ್ಲಿ ಡಬ್ಬಗಳನ್ನು ಜೋಡಿಸಿ, ಎಲ್ಲರೆದುರು ಎವಾರಿಸ್ತೊ ಎಂಟಕ್ಕೂ ಔಷಧಿ ಹೊಡೆದ. ಆಗ ದೋನ್ ತ್ರಾಂಕಿಲಿನೊ ಇನ್ನೊಂದು ಷರತ್ತು ಹಾಕಿದ: ಪರೀಕ್ಷೆ ನಿಷ್ಪಕ್ಷಪಾತವಾಗಿರಬೇಕು, ಆದ್ದರಿಂದ ಹತ್ತು ದಿನ ದೋನ್ಯಾ ಚೋಲೆ ಈ ಬೀದಿಗೆ ಕಾಲಿಡಕೂಡದು. ಶಾಲೆ ಇದ್ದದ್ದು ಆ ಬೀದಿಯಲ್ಲೇ. ಅವಳನ್ನು ಉಳಿಸಲು ಹೊರಟವನು ಇದ್ದ ಹದಿನೆಂಟು ಕಡುಬಿನ ವ್ಯಾಪಾರವನ್ನೂ ನಿಲ್ಲಿಸಿದ.

ಹತ್ತನೇ ದಿನ ಅತ್ತೆಯ ನಾಲ್ಕೂ ಗಿಡ ಹಳದಿಯಾಗಿ ಸುಳಿ ಮುರುಟಿ ನಿಂತಿದ್ದವು. ಹೈಬ್ರಿಡ್ ನಾಲ್ಕೂ ಹಸಿರು. ಕಣ್ಣಿನವಳು ಹತ್ತಿರವೂ ಸುಳಿದಿರಲಿಲ್ಲ. ಕಿಟಕಿಯ ಮುಂದೆ ಊರೇ ಸೇರಿತ್ತು. ಯಾರಿಗೂ ನಗು ಬರಲಿಲ್ಲ. ಬೂದುಗುಂಬಳದ ಮಂಡಿ ಎಲ್ಲರಿಗೂ ಒಟ್ಟಿಗೇ ನೆನಪಾಗಿರಬೇಕು, ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು. ದೋನ್ ತ್ರಾಂಕಿಲಿನೊ ಮಾತ್ರ ಕೆಮ್ಮಿ, "ಇಂಥ ಪ್ರಯೋಗ ನಮ್ಮೂರಲ್ಲಿ ಆಗಿದ್ದು ಹೆಮ್ಮೆಯ ವಿಷಯ. ನಮ್ಮ ಇಂಜಿನಿಯರ್ ಎವಾರಿಸ್ತೊ..." ಎಂದು ಶುರುಮಾಡಿದ.

"ಹಾಗನ್ನಬೇಡಿ," ಎಂದ ಎವಾರಿಸ್ತೊ. ಅವನ ಕಿವಿ ಕೆಂಪಾಗಿತ್ತು.

ಅತ್ತೆ ಮುಂದೆ ಬಂದಳು. ಒಂದು ಹಳದಿ ಎಲೆಯನ್ನು ಬೆರಳಲ್ಲಿ ನೇವರಿಸಿದಳು.

"ಹೊಲದಲ್ಲಿ ಮೂರನೇ ಒಂದು ಭಾಗ ಚಿಗುರಿಕೊಂಡಿದೆ. ಬೀಜಕ್ಕಾಗುತ್ತೆ, ಅದು ಬಿಡು," ಎಂದಳು. "ಮೂರು ದಿನ ಅವಳು ಬಗ್ಗಿ ಬಗ್ಗಿ ನಡೆದಳು. ನೀನು ಹಿಂದೆ ಬಕೆಟ್ಟು ಹಿಡಿದು ನಡೆದೆ." ಅಷ್ಟೇ ಹೇಳಿ ಮನೆಗೆ ಹೋದಳು. ಆಮೇಲೆ ಅವನೊಡನೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ದೋನ್ಯಾ ಚೋಲೆಯ ಪಾತ್ರೆಯ ಮುಂದೆ ಉದ್ದ ಸಾಲು. ಏನೂ ಆಗಿಯೇ ಇಲ್ಲವೆಂಬಂತೆ, "ಎರಡು ಹಸಿಮೆಣಸಿಂದು, ದೋನ್ಯಾ!" "ನಂಗೆ ಸಿಹೀದು!" ಕಡುಬು ಕೇಳಲು ಬಂದವರಿಗೆ ಕ್ಷಮೆ ಕೇಳಲು ನಾಚಿಕೆ. ಎವಾರಿಸ್ತೊ ಬರಿತಲೆಯಲ್ಲಿ ಎಲ್ಲರಿಗಿಂತ ಹಿಂದೆ ನಿಂತ. ಅವನ ಸರದಿ ಬಂದಾಗ ಸಾಲು ಕರಗಿತ್ತು.

"ದೋನ್ಯಾ, ನಾನು..."

"ನೋಡಿದ್ದೆ," ಎಂದಳು ಚೋಲೆ, ಪಾತ್ರೆ ಒರೆಸುತ್ತ. "ಆ ಸೋಮವಾರ ಮಾಳಿಗೆ ಮೇಲೆ ಸಿಪ್ಪೆ ಒಣಹಾಕ್ತಿದ್ದೆ. ನೀನು ಪಂಪು ಹೊತ್ಕೊಂಡು ಎರ್ಮಿನಿಯಾ ಹೊಲದಲ್ಲಿ ಓಡಾಡ್ತಿದ್ದೆ. ಒಳ್ಳೆ ಹಾಡು ಬೇರೆ ಹೇಳ್ತಿದ್ದೆ."

ಎವಾರಿಸ್ತೊನ ಬಾಯಿ ತೆರೆಯಿತು. ಮುಚ್ಚಲಿಲ್ಲ.

"ಮತ್ತೆ... ಹೇಳಬಾರದಿತ್ತಾ?"

"ಹೇಳಿದ್ರೆ, ಕಣ್ಣಿನ ಮುದುಕಿ ಈಗ ನಾಲಿಗೇನೂ ಚಾಚಿದಳು ಅಂತಿದ್ರು. ನೀನು ಬಕೆಟ್ಟು ಹಿಡಿದು ಬಂದೆಯಲ್ಲ, ಈ ಸಾಲಲ್ಲಿ ಹೇಳ್ತಾನೆ ಅನ್ಕೊಂಡೆ. ಇಲ್ಲ. ಮುಂದಿನ ಸಾಲಲ್ಲಿ ಹೇಳ್ತಾನೆ ಅನ್ಕೊಂಡೆ." ಅವಳು ಮುಚ್ಚಳ ಹಾಕಿದಳು. "ಬಹಳ ಉದ್ದದ ಹೊಲ ಕಣಯ್ಯ ನಿಮ್ಮತ್ತೇದು."

ಅವನು ಅಳುವಂತಾದ. "ನಾನೇನು ಮಾಡ್ಲಿ ದೋನ್ಯಾ? ಏನು ಬೇಕಾದ್ರೂ ಹೇಳಿ."

"ಏನೂ ಬೇಡ. ಭಾನುವಾರ ಬಂದು ನನ್ನ ಬೆಂಚಲ್ಲಿ ಕೂತ್ಕೋ. ಕಡುಬಿಗೆ ಬರ್ತಾರೆ, ಪಕ್ಕದಲ್ಲಿ ಕೂರೋಕೆ ಇನ್ನೂ ಯಾರೂ ಬರ್ತಿಲ್ಲ."

ಭಾನುವಾರ ಎವಾರಿಸ್ತೊ ಎಲ್ಲರಿಗಿಂತ ಮೊದಲೇ ಹೋಗಿ ಕೂತ. ಚೋಲೆ ಬಂದು ಪಕ್ಕದಲ್ಲಿ ಕೂತಳು. ಎಂಟು ಜನರ ಬೆಂಚಿನ ಒಂದು ತುದಿಯಲ್ಲಿ ಇವರಿಬ್ಬರೇ. ಜನ ಬರುತ್ತ ನೋಡುತ್ತ ಹೋದರು. ಆಗ ಅತ್ತೆ ಎರ್ಮಿನಿಯಾ ಒಳಗೆ ಬಂದಳು. ಎವಾರಿಸ್ತೊ ಎದ್ದು, ತನ್ನ ಪಕ್ಕ ದಾರಿ ಬಿಟ್ಟು ನಿಂತ. ಅತ್ತೆ ಅವನನ್ನು ನೋಡಲಿಲ್ಲ. ಇಡೀ ಇಗರ್ಜಿಯನ್ನು ಸುತ್ತಿಕೊಂಡು ಬೆಂಚಿನ ಇನ್ನೊಂದು ತುದಿಯಿಂದ ಒಳಗೆ ಬಂದು, ಸರಿಯುತ್ತ ಸರಿಯುತ್ತ, ಚೋಲೆಯ ಆ ಪಕ್ಕದಲ್ಲಿ ಮೈಗೆ ಮೈ ತಗಲುವಂತೆ ಕೂತಳು.

"ಮಂಡಿ ಹೇಗಿದೆ, ಚೋಲೆ?"

"ಇದೆ ಕಣೇ."

ಅದನ್ನು ನೋಡಿ ಪಕ್ಕದ ಮನೆಯವಳು ಬಂದು ಅತ್ತೆಯ ಪಕ್ಕ ಕೂತಳು. ಅವಳ ಹಿಂದೆ ಒಬ್ದುಲಿಯಾ, ಅವಳ ಹಿಂದೆ ಐದೂ ಜನ ಭಾವಮೈದುನರು, ಕೊನೆಗೆ ಹೊಟ್ಟೆ ಎಳೆದುಕೊಂಡು ದೋನ್ ತ್ರಾಂಕಿಲಿನೊ. ಎಂಟು ಜನರ ಬೆಂಚಿನಲ್ಲಿ ಹನ್ನೊಂದು ಜನ. ಒಬ್ಬೊಬ್ಬರು ಸೇರಿದಾಗಲೂ ಸಾಲು ಇತ್ತ ಜರುಗಿ ಜರುಗಿ, ಎವಾರಿಸ್ತೊನ ಅರ್ಧ ಕುಂಡೆ ಬೆಂಚಿನ ಆಚೆ ಗಾಳಿಯಲ್ಲಿ ನಿಂತಿತು.

"ಬೀಳ್ತೀಯ ಕಣೋ," ಎಂದಳು ಚೋಲೆ, ಮುಂದೆಯೇ ನೋಡುತ್ತ.

"ಇಲ್ಲ ದೋನ್ಯಾ, ಆರಾಮಾಗಿದೀನಿ," ಎಂದು ಅವನು ಕಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಪೂಜೆ ಮುಗಿಯುವವರೆಗೂ ಹಾಗೆಯೇ ಕೂತಿದ್ದ.